ಹಾಡೋಕೆ ಬಾರದ ಡಿಗ್ರಿ ಮಕ್ಕಳಿಗೆ ಸಂಗೀತ ಕೇಳೋದನ್ನ ಕಲಿಸೋದು ಹೇಗೆ?

ಸಂಜೆಕಲ್ಯಾಣಿ:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಸಂಗೀತ ಪಾಠ ಮಾಡುತ್ತೇನೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ಬಿಕಾಂ, ಬಿಎಸ್ಸಿ, ಬಿಸಿಎ ಮಕ್ಕಳೂ ಓಪನ್ ಎಲೆಕ್ಟಿವ್ ಅಂತ ನಮ್ಮ ವಿಭಾಗಕ್ಕೆ ಬರೋದು ಶುರುವಾಯಿತು. ಆಮೇಲೆ ನೀತಿ ಬದಲಾಯಿತು, ಆದರೆ ಸಂಗೀತ ರಸಗ್ರಹಣದ ಪೇಪರ್ ನಮ್ಮಲ್ಲಿ ಉಳಿದುಕೊಂಡಿದೆ. ಮಕ್ಕಳೂ ಇಷ್ಟಪಟ್ಟೇ ತೆಗೆದುಕೊಳ್ಳುತ್ತಾರೆ.

ತೊಂದರೆ ಇರೋದು ಸಿಲಬಸ್ಸಿನಲ್ಲಿ. ನಾದ, ಶ್ರುತಿ, ಸ್ವರ, 72 ಮೇಳಕರ್ತ ಅಂದರೆ ಮೂಲ ರಾಗಗಳು, ವಾದ್ಯಗಳ ವರ್ಗೀಕರಣ, ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಅನ್ನೋ ಸಂಗೀತ ತ್ರಿಮೂರ್ತಿಗಳ ಜೀವನಚರಿತ್ರೆ. ಸಂಗೀತವನ್ನೇ ಮುಖ್ಯ ವಿಷಯ ಮಾಡಿಕೊಂಡವರ ಪುಸ್ತಕವನ್ನು ಅರ್ಧಕ್ಕೆ ಇಳಿಸಿ ಇವರಿಗೆ ಕೊಟ್ಟ ಹಾಗಿದೆ. ಶಂಕರಾಭರಣ 29ನೇ ಮೇಳ ಅಂತ ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಶಂಕರಾಭರಣ ಕೇಳೋಕೆ ಹೇಗಿರುತ್ತೆ ಅಂದರೆ ಒಬ್ಬರಿಗೂ ಗೊತ್ತಿರಲ್ಲ. ಪಾಸಾಗಿ ಹೋಗುತ್ತಾರೆ. ಇಡೀ ಸೆಮಿಸ್ಟರಿನಲ್ಲಿ ಒಂದು ಕೃತಿಯನ್ನೂ ಪೂರ್ತಿ ಕೇಳಿರುವುದಿಲ್ಲ.

ಇವರು ಯಾರೂ ಹಾಡುಗಾರರಾಗಲ್ಲ. ಆಗಬೇಕಾಗಿಯೂ ಇಲ್ಲ. ಮುಂದಿನ 50 ವರ್ಷ ಇವರು ಕೇಳುಗರಾಗಿ ಇರ್ತಾರೆ, ಅದಕ್ಕೆ ಬೇಕಾದ್ದನ್ನು ಕೊಡಬೇಕು ಅನ್ನೋದು ನನ್ನ ಆಸೆ. ಮೊದಲು ಕಿವಿ, ಆಮೇಲೆ ಹೆಸರು. ಹೀಗೆ ಪಾಠ ಮಾಡಿದವರು ಯಾರಾದರೂ ಇದ್ದೀರಾ? ಏನು ಕೇಳಿಸಿದಿರಿ, ಹೇಗೆ ಕೇಳಿಸಿದಿರಿ?

ಮೃದಂಗಮನೆ:

ಮೇಡಂ, ತಾಳದಿಂದ ಶುರು ಮಾಡಿ. ಸ್ವರ ಗುರುತಿಸೋಕೆ ಟೈಮ್ ಬೇಕು. ತಾಳಕ್ಕೆ ಬೇಡ, ಕೈ ಇದ್ದರೆ ಸಾಕು. ಆದಿತಾಳ ಎಂಟು ಎಣಿಕೆ. ಒಂದು ಚಪ್ಪಾಳೆ, ಕಿರುಬೆರಳು, ಉಂಗುರ ಬೆರಳು, ಮಧ್ಯದ ಬೆರಳು, ಆಮೇಲೆ ಚಪ್ಪಾಳೆ, ತಿರುವು, ಚಪ್ಪಾಳೆ, ತಿರುವು. ಮೊದಲ ಕ್ಲಾಸಿನಲ್ಲೇ ಎಲ್ಲರಿಗೂ ಬರುತ್ತೆ.

ಆಮೇಲೆ ಒಂದು ಕೃತಿ ಹಾಕಿ, ತಾಳ ಹಾಕುತ್ತಾ ಕೇಳೋಕೆ ಹೇಳಿ. ಹಾಡು ಚಪ್ಪಾಳೆ ಬಿದ್ದ ಜಾಗದಲ್ಲೇ ಶುರುವಾಗುತ್ತಾ, ಸ್ವಲ್ಪ ಬಿಟ್ಟು ಶುರುವಾಗುತ್ತಾ ಅಂತ ಕೇಳಿ. ಅದೇ ಎಡುಪು. ಆ ಒಂದು ಪ್ರಶ್ನೆಗೆ ಉತ್ತರ ಹುಡುಕೋಕೆ ಪಲ್ಲವಿಯನ್ನು ಆರೇಳು ಸಲ ಕೇಳಲೇಬೇಕಾಗುತ್ತೆ. ನೀವು ಕೇಳಿ ಕೇಳಿ ಅಂತ ಒತ್ತಾಯ ಮಾಡೋದೇ ಬೇಡ.

ಎಂಟು ಕೈಗೆ ಕೂತ ಮೇಲೆ ಮಿಶ್ರಛಾಪು ಕೊಡಿ. ತಕಿಟ ತಕದಿಮಿ, ಮೂರು ನಾಲ್ಕು ಏಳು. ಖಂಡಛಾಪು ತಕ ತಕಿಟ, ಐದು. ಏಳರ ನಡಿಗೆಯಲ್ಲಿ ಒಂದು ಚೂರು ಓಲಾಟ ಇರುತ್ತೆ, ಅದನ್ನು ಮೈಯೇ ಹಿಡಿಯುತ್ತೆ. ಲಘು ದ್ರುತ ಅನ್ನೋ ಹೆಸರೆಲ್ಲ ಆಮೇಲೆ ಹೇಳಿದರಾಯಿತು.

ಹಳೇ ಮೇಷ್ಟ್ರು:

ನನ್ನದು ಬೇರೆ ಅಭಿಪ್ರಾಯ. ಸುಮ್ನೆ ಕೂತು ಕೇಳಿದರೆ ರಸಗ್ರಹಣ ಆಗಲ್ಲ. ಬಾಯಿ ಬಿಟ್ಟು ಹಾಡಬೇಕು. ಕೆಟ್ಟದಾಗಿ ಹಾಡಿದರೂ ಪರವಾಗಿಲ್ಲ. ಪುರಂದರದಾಸರು ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಅಂದರೆ ಮೊದಲ ಸ್ವರ ಪಾಠ, ಇಟ್ಟರು ಅಂತ ನಮ್ಮ ಪರಂಪರೆ ನಂಬುತ್ತೆ. ಆ ರಾಗದ ಜೋಡಣೆ ನೋಡಿ. ಸರಿಗಮದಲ್ಲಿ ಸ್ವರಗಳ ಮಧ್ಯೆ ಎಷ್ಟೆಷ್ಟು ಅಂತರ ಇದೆಯೋ, ಪದನಿಸದಲ್ಲೂ ಅಷ್ಟಷ್ಟೇ. ಕೆಳಗಿನ ಅರ್ಧ ಕಲಿತರೆ ಮೇಲಿನ ಅರ್ಧ ತಾನಾಗಿ ಬರುತ್ತೆ. ಹತ್ತಿರದ ರಿಷಭ, ದೂರದ ಗಾಂಧಾರ. ಈ ಹತ್ತಿರ ದೂರ ಗಂಟಲಿಗೆ ಗೊತ್ತಾದ ಮೇಲೇ ಕಿವಿಗೆ ಗೊತ್ತಾಗೋದು.

ಪ್ರತಿ ಕ್ಲಾಸಿನಲ್ಲಿ ಹತ್ತು ನಿಮಿಷ ಸರಳೆ ವರಸೆ ಹಾಡಿಸಿ. ಉಳಿದ ಹೊತ್ತು ಏನು ಬೇಕಾದರೂ ಕೇಳಿಸಿ.

ಸಂಜೆಕಲ್ಯಾಣಿ:

ಮೇಷ್ಟ್ರೇ, ಹತ್ತು ನಿಮಿಷಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಪರೀಕ್ಷೆಯಲ್ಲಿ ಹಾಡಿಸಬಾರದು. ಕ್ಲಾಸಿನಲ್ಲಿ ಕೆಲವರು ಬಾಯಿಯೇ ಬಿಡಲ್ಲ. ಚಿಕ್ಕಂದಿನಲ್ಲಿ ಯಾರೋ ನಿನಗೆ ಸ್ವರ ಇಲ್ಲ ಅಂದಿರುತ್ತಾರೆ, ಅದು ಇವತ್ತಿಗೂ ಮನಸ್ಸಿನಲ್ಲಿ ಕೂತಿರುತ್ತೆ. ಅಂಥವರು ಎಷ್ಟೋ ಸಲ ಒಳ್ಳೆಯ ಕೇಳುಗರಾಗಿರುತ್ತಾರೆ.

ನಾನು ಮಾಡಿ ನೋಡಿದ್ದೊಂದನ್ನು ಹೇಳುತ್ತೇನೆ. ಕ್ಲಾಸಿಗೆ ತಂಬೂರಿ ತಗೊಂಡು ಹೋದೆ. ಆಪ್ ಅಲ್ಲ, ನಿಜವಾದ ತಂಬೂರಿ. ಶ್ರುತಿ ಮಾಡೋದನ್ನೂ ಅವರೆದುರೇ ಮಾಡಿದೆ. ಪಂಚಮದ ತಂತಿ, ಷಡ್ಜದ ಎರಡು ಸಾರಣೆ, ಕೊನೆಗೆ ಮಂದ್ರ ಷಡ್ಜ. ತಂತಿಗಳನ್ನು ಹೊರೋ ಕುದುರೆ ಅನ್ನೋ ಪಟ್ಟಿಯ ಮೇಲೆ, ತಂತಿ ಕೆಳಗಿನ ಹತ್ತಿ ದಾರವನ್ನು ಒಂದು ಕೂದಲಿನಷ್ಟು ಆಚೆ ಈಚೆ ಸರಿಸಿದೆ. ಮೊದಲು ಮಂಕಾಗಿದ್ದ ನಾದ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ತುಂಬಿಕೊಂಡು ಗುಂಯ್ ಅಂದಿತು. ಹಿಂದಿನ ಬೆಂಚಿನವರೂ ತಲೆ ಎತ್ತಿದರು. ಆಮೇಲೆ ಏನೂ ಮಾತಾಡದೆ ಬರೀ ಮೀಟುತ್ತಾ ಕೂತೆ. ಕೊನೆಗೆ, ‘ನಾಲ್ಕು ತಂತಿ ಇದೆ, ನಿಮಗೆ ಎಷ್ಟು ಸ್ವರ ಕೇಳಿಸ್ತು?’ ಅಂತ ಕೇಳಿದೆ. ಎರಡು ಅಂದರು. ಮಂದ್ರದ ತಂತಿ ಒಂದನ್ನೇ ಮೀಟಿ, ಸದ್ದು ಇಳಿಯೋವರೆಗೂ ಕಾಯಿರಿ ಅಂದೆ. ಬಿಸಿಎ ಹುಡುಗಿ ಒಬ್ಬಳು ಕೈ ಎತ್ತಿ, ‘ಮ್ಯಾಮ್, ಕೊನೆಗೆ ಮೇಲೆಲ್ಲೋ ಇನ್ನೊಂದು ಸ್ವರ ಬರ್ತಿದೆ’ ಅಂದಳು. ಅದೇ ಅಂತರ ಗಾಂಧಾರ. ಯಾರೂ ಮೀಟದೆ, ಮಂದ್ರದ ತಂತಿಯೊಳಗಿನಿಂದ ತಾನಾಗಿ ಹುಟ್ಟೋ ಗಾಂಧಾರ. ಅವಳು ತೋರಿಸಿಕೊಟ್ಟ ಮೇಲೆ ಒಬ್ಬೊಬ್ಬರಿಗೇ ಕೇಳಿಸುತ್ತಾ ಹೋಯಿತು. ಶ್ರುತಿ ಅಂದರೇನು ಅಂತ ಆ ದಿನ ನಾನು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ.

ಧಾರವಾಡದ ಕೇಳುಗ:

ಛಲೋ ಮಾಡೀರಿ ಮೇಡಂ. ಕಿವಿ ಹಾಗೇ ತಯಾರಾಗಬೇಕು.

ನಮ್ಮ ಕಡೆಯಿಂದ ಎರಡು ಪಾಠ ಕೊಡುತ್ತೇನೆ. ಮೊದಲನೆಯದು, ಒಬ್ಬ ಗುರು ಇಬ್ಬರು ಶಿಷ್ಯರು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಗಂಗೂಬಾಯಿ ಹಾನಗಲ್ಲರೂ ಕಲಿತರು, ಭೀಮಸೇನ ಜೋಶಿಯವರೂ ಕಲಿತರು. ಇಬ್ಬರದೂ ಕಿರಾಣಾ ಘರಾಣೆ, ಅಂದರೆ ಒಂದೇ ಗಾಯನ ಪರಂಪರೆ. ಇಬ್ಬರದೂ ಒಂದೇ ರಾಗ ಹಾಕಿ, ವಿಲಂಬಿತದ, ಅಂದರೆ ನಿಧಾನಗತಿಯ ಭಾಗದ, ಮೊದಲ ಐದು ನಿಮಿಷ ಸಾಕು. ಗಂಗೂಬಾಯಿಯವರ ಗಂಟಲಿಗೆ ಚಿಕಿತ್ಸೆ ಆದ ಮೇಲೆ ದನಿ ಗಡಸಾಯಿತು, ಆ ಗಡಸು ದನಿಯಲ್ಲೇ ಅವರು ದೊಡ್ಡ ಗಾಯಕಿಯಾದರು. ಒಂದೊಂದು ಸ್ವರಕ್ಕೂ ಹೊತ್ತು ಕೊಟ್ಟು, ಅದರ ಮೇಲೆ ಗಟ್ಟಿಯಾಗಿ ನಿಂತು ಮುಂದೆ ಹೋಗುತ್ತಾರೆ. ಭೀಮಸೇನರ ತಾನ, ಅಂದರೆ ವೇಗದ ಸ್ವರಗಳ ಸರಣಿ, ಬಂದಾಗ ಮೈ ಜುಮ್ಮೆನ್ನುತ್ತೆ. ಯಾರು ಹೆಚ್ಚು ಅಂತ ಕೇಳಬೇಡಿ. ಎಲ್ಲಿ ಒಂದೇ ಥರ, ಎಲ್ಲಿ ಬೇರೆ ಅಂತ ಕೇಳಿ.

ಎರಡನೆಯದು ಭೂಪ್ ಮತ್ತು ದೇಶಕಾರ ರಾಗಗಳು. ಎರಡರಲ್ಲೂ ಅವೇ ಐದು ಸ್ವರ, ಸರಿಗಪದ. ನಿಮ್ಮ ಕರ್ನಾಟಕ ಸಂಗೀತದ ಮೋಹನ ರಾಗದ್ದೂ ಅವೇ. ಆದರೆ ಭೂಪ್ ಸಂಜೆಯ ರಾಗ, ಗಾಂಧಾರದ ಮೇಲೆ ಭಾರ. ದೇಶಕಾರ ಬೆಳಗಿನದು, ಧೈವತ ಹಿಡಿದುಕೊಂಡು ಮೇಲೇ ಓಡಾಡುತ್ತೆ. ಏನೂ ಹೇಳದೆ ಎರಡನ್ನೂ ಹಾಕಿ. ಇವೆರಡೂ ಒಂದೇನಾ ಅಂತ ಕೇಳಿ. ಅಲ್ಲ ಅನ್ನುತ್ತಾರೆ. ಆಮೇಲೆ ಸ್ವರ ಬರೆದು ತೋರಿಸಿ. ರಾಗ ಅಂದರೆ ಬರೀ ಆರೋಹಣ ಅವರೋಹಣ ಅಲ್ಲ ಅನ್ನೋದು ಅಲ್ಲೇ ತಿಳಿಯುತ್ತೆ.

ರೀಲ್‌ರಾಗ:

ಇದೆಲ್ಲ ಸರಿ, ಆದರೆ ಮೊದಲ ದಿನವೇ ವಿಲಂಬಿತ ಖಯಾಲ್ ಹಾಕಿದರೆ ಮಕ್ಕಳು ನಿದ್ದೆ ಮಾಡ್ತಾರೆ ಅಲ್ವಾ? ಸಿನಿಮಾ ಹಾಡಿಂದ ಶುರು ಮಾಡಿ. ಅವರಿಗೆ ಗೊತ್ತಿರೋ ಹಾಡು ಹಾಕಿ, ಇದು ಇಂಥ ರಾಗ ಅಂತ ಹೇಳಿ, ಆಮೇಲೆ ಅದೇ ರಾಗದ ಕೃತಿ ಕೇಳಿಸಿ. ಬೇಗ ಹತ್ತಿರ ಬರುತ್ತಾರೆ.

ಪಿಟೀಲು:

ಆ ದಾರಿಯಲ್ಲಿ ಒಂದು ತೊಂದರೆ ಇದೆ. ಸಿನಿಮಾ ಹಾಡನ್ನು ಬರೀ ಏಣಿ ಮಾಡಿಕೊಂಡರೆ ಎರಡೂ ಕೈ ತಪ್ಪುತ್ತೆ. ಕೃತಿ ಕೇಳುವಾಗ ಮಕ್ಕಳು ಆ ಹಾಡಿನ ಸಾಲು ಎಲ್ಲಿದೆ ಅಂತ ಮಾತ್ರ ಹುಡುಕುತ್ತಾರೆ. ಸಿಕ್ಕಿದ ಕೂಡಲೇ ಕೇಳೋದು ನಿಂತುಹೋಗುತ್ತೆ. ಇತ್ತ ಸಿನಿಮಾ ಹಾಡಿನಲ್ಲಿ ರಾಗ ಬಿಟ್ಟು ಬೇರೆ ಏನಿದೆ ಅಂತ ಯಾರೂ ಕೇಳಲ್ಲ.

ನನ್ನ ಮಾತು ಇಷ್ಟೇ, ಸಿನಿಮಾ ಹಾಡನ್ನೂ ಸಂಗೀತ ಅಂತಾನೇ ಕೇಳಿಸಿ. ಜಿ.ಕೆ. ವೆಂಕಟೇಶ್ ಅವರ ಒಂದು ಹಾಡು ತಗೊಳ್ಳಿ. ಇಳಯರಾಜ ಈ ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದರು ಅನ್ನೋದನ್ನೂ ಹೇಳಿ. ಗಾಯಕರ ದನಿ ಬಿಟ್ಟು ಉಳಿದದ್ದನ್ನು ಕೇಳೋಕೆ ಹೇಳಿ. ಮೊದಲ ಸಲ ಪಿಟೀಲುಗಳು, ಎರಡನೇ ಸಲ ಕೆಳಗಿನ ಬೇಸ್, ಮೂರನೇ ಸಲ ಪಲ್ಲವಿಗೂ ಚರಣಕ್ಕೂ ಮಧ್ಯದ ವಾದ್ಯಗಳು. ಎಂಟು ವರ್ಷದಿಂದ ಕೇಳ್ತಿರೋ ಹಾಡಿನಲ್ಲಿ ಹೊಸದಾಗಿ ಕೊಳಲು ಕೇಳಿಸಿದರೆ ಅವರಿಗೇ ಆಶ್ಚರ್ಯ ಆಗುತ್ತೆ.

1966ರ ಸಂಧ್ಯಾರಾಗ ಚಿತ್ರ ನೆನಪಿರಲಿ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ, ಸಂಗೀತ ಜಿ.ಕೆ. ವೆಂಕಟೇಶ್ ಅವರದೇ. ಅದನ್ನು ಸಿನಿಮಾ ಅನ್ನೋದಾ, ಶಾಸ್ತ್ರೀಯ ಅನ್ನೋದಾ? ಕ್ಲಾಸಿನಲ್ಲಿ ಚರ್ಚೆಗೆ ಬಿಡಿ.

ರೀಲ್‌ರಾಗ:

ಬೇಸ್ ಕೇಳಿಸೋ ವಿಚಾರ ತುಂಬಾ ಇಷ್ಟವಾಯಿತು. ಫೋನಿನ ಸ್ಪೀಕರ್‌ನಲ್ಲಿ ಅದು ಕೇಳಿಸೋದೇ ಇಲ್ಲ, ಒಳ್ಳೆ ಸ್ಪೀಕರ್ ಬೇಕು.

ಕೊಳ್ಳೇಗಾಲದವ:

ಇಷ್ಟು ಹೊತ್ತು ಓದಿದೆ. ಕರ್ನಾಟಕ ಸಂಗೀತ ಬಂತು, ಹಿಂದೂಸ್ತಾನಿ ಬಂತು, ಸಿನಿಮಾ ಬಂತು. ನಮ್ಮ ಕಡೆ ಹಾಡು ಯಾವಾಗ ಬರುತ್ತೆ? ಸಿಲಬಸ್ಸಿನಲ್ಲಿ ಜಾನಪದ ಸಂಗೀತ ಅಂದರೆ ಕೊನೇ ಘಟಕ. ಸೆಮಿಸ್ಟರ್ ಮುಗಿಯೋ ವಾರ ಒಂದು ವಿಡಿಯೊ ಹಾಕಿ ಬಿಟ್ಟುಬಿಡುತ್ತಾರೆ. ಇದು ನನಗೆ ನೋವಿನ ವಿಷಯ.

ಮಾದಪ್ಪನ ಕತೆ ಹಾಡೋ ಕಂಸಾಳೆಯವರನ್ನು ಕೇಳಿದ್ದೀರಾ? ಕಂಸಾಳೆ ಎರಡು ಕಂಚಿನ ತಾಳ. ಒಂದು ಬಟ್ಟಲಿನ ಥರ, ಇನ್ನೊಂದು ಚಪ್ಪಟೆ, ಅದಕ್ಕೊಂದು ಕುಚ್ಚು. ಕುಣಿತದಲ್ಲಿ ಅದನ್ನು ಬೀಸೋದನ್ನೇ ಎಲ್ಲರೂ ನೋಡೋದು, ಫೋಟೊ ತೆಗೆಯೋದೂ ಅದನ್ನೇ. ಕತೆ ಹಾಡುವಾಗ ಅದು ಹೇಗೆ ಮಾತಾಡುತ್ತೆ ಅಂತ ಕೇಳಿ. ಮುಖ್ಯ ಗಾಯಕ ಒಂದು ಸಾಲು ಹೇಳುತ್ತಾನೆ, ಹಿಮ್ಮೇಳದವರು ಸೊಲ್ಲು, ಅಂದರೆ ಪಲ್ಲವಿಯ ಸಾಲು, ಕೊಡುತ್ತಾರೆ. ಮಧ್ಯೆ ಹಾಡು ನಿಲ್ಲಿಸಿ ಮಾತಿನಲ್ಲಿ ಕತೆ ಹೇಳುತ್ತಾನೆ. ಆ ಮಾತು ನಿಧಾನಕ್ಕೆ ರಾಗವಾಗಿ ಏರುತ್ತೆ. ಎಲ್ಲಿ ಮಾತು ಮುಗೀತು, ಎಲ್ಲಿ ಹಾಡು ಶುರುವಾಯ್ತು ಅಂತ ಗೆರೆ ಎಳೆಯೋಕೆ ಮಕ್ಕಳಿಗೆ ಹೇಳಿ ನೋಡೋಣ. ಭೂಪ್, ದೇಶಕಾರದಷ್ಟೇ ಕಷ್ಟದ ಪಾಠ ಅದು.

ಮಂಟೇಸ್ವಾಮಿ ಕತೆ ಹಾಡೋ ನೀಲಗಾರರ ಕೈಯಲ್ಲೂ ತಂಬೂರಿ ಇದೆ, ಮೇಡಂ. ನಿಮ್ಮ ತಂಬೂರಿ ಪಾಠಕ್ಕೆ ಅದನ್ನೂ ಸೇರಿಸಿಕೊಳ್ಳಿ. ಅವರದು ಬೆರಳಲ್ಲಿ ಲಯ ಹಿಡಿದು ನುಡಿಯುತ್ತೆ.

ಸಂಜೆಕಲ್ಯಾಣಿ:

ನೀವು ಹೇಳಿದ್ದು ಪೂರ್ತಿ ಸರಿ. ಕೊನೇ ವಾರಕ್ಕೆ ಅಲ್ಲ, ತಂಬೂರಿ ಪಾಠದ ಮರುದಿನಕ್ಕೇ ಇಟ್ಟುಕೊಳ್ಳುತ್ತೇನೆ. ನಮ್ಮ ಕ್ಲಾಸಿನಲ್ಲಿ ಮನೆಯಲ್ಲೇ ಚೌಡಿಕೆ ಪದ, ತತ್ವಪದ ಕೇಳಿ ಬೆಳೆದ ಮಕ್ಕಳಿದ್ದಾರೆ. ಸಂಗೀತ ಬರಲ್ಲ ಅಂತ ಅವರೇ ಹೇಳಿಕೊಳ್ತಾರೆ. ಆ ಮಾತು ಮೊದಲು ಹೋಗಬೇಕು.

ಬಿಕಾಂ ಮುಗಿಸಿದವಳು:

ನಾನು ಟೀಚರ್ ಅಲ್ಲ, ಇಂಥ ಕ್ಲಾಸಿನಲ್ಲಿ ಕೂತವಳು. ನಮ್ಮ ಕಾಲೇಜಿನಲ್ಲಿ ಎಲೆಕ್ಟಿವ್ ತಗೊಂಡಾಗ ಪೂರ್ತಿ ನೋಟ್ಸ್ ಡಿಕ್ಟೇಷನ್ ಆಗಿತ್ತು. ಆದರೆ ಒಂದು ದಿನ ಅತಿಥಿ ಉಪನ್ಯಾಸಕರೊಬ್ಬರು ಬಂದು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎರಡು ಥರ ಕೇಳಿಸಿದರು. ಒಂದು ಕರ್ನಾಟಕ ಶೈಲಿಯದು, ಇನ್ನೊಂದು ಭೀಮಸೇನ ಜೋಶಿಯವರದು. ನಮ್ಮನೇಲಿ ಶುಕ್ರವಾರ ಶುಕ್ರವಾರ ಅಮ್ಮ ಹೇಳೋ ಹಾಡು, ನನಗೆ ಬಾಯಿಗೆ ಬರುತ್ತೆ. ಆದರೂ ಎರಡನೆಯದು ಶುರುವಾದಾಗ ಇದು ಅದೇ ಹಾಡಾ ಅನ್ನಿಸಿತು. ‘ಗೆಜ್ಜೆ ಕಾಲ್ಗಳ’ ಅನ್ನೋ ಸಾಲಿಗೆ ಬಂದಾಗ ಸರ್ ನಿಲ್ಲಿಸಿ, ಇಲ್ಲಿ ಯಾರ ಹೆಜ್ಜೆ ನಿಮಗೆ ಕೇಳಿಸ್ತಿದೆ ಅಂದರು. ಆಮೇಲೆ ಮತ್ತೆ ಹಾಕಿದರು.

ನೋಟ್ಸಿನಲ್ಲಿ ಬರೆದುಕೊಂಡದ್ದು ಒಂದೂ ನೆನಪಿಲ್ಲ. ಆ ದಿನ ಕೇಳಿದ್ದು ಇವತ್ತಿಗೂ ಇದೆ. ಟೀಚರ್‌ಗಳಿಗೆ ಒಂದು ಕೋರಿಕೆ, ದಯವಿಟ್ಟು ಮಧ್ಯ ಮಧ್ಯ ನಿಲ್ಲಿಸಿ ಕೇಳಿಸಿ, ಮತ್ತೆ ಒಮ್ಮೆ ನಿಲ್ಲಿಸದೇನೂ ಕೇಳಿಸಿ.

ಸಾಗರದಾಚೆ:

ನಾನು ಅಮೆರಿಕದಲ್ಲಿ ಓದುವಾಗ ಇಂಥ ಕೋರ್ಸಿಗೆ ಸಹಾಯಕನಾಗಿದ್ದೆ. ಇಲ್ಲಿ ಎಂಜಿನಿಯರಿಂಗ್, ಬಯಾಲಜಿ ಓದೋರೂ ಇದನ್ನು ತಗೊಳ್ತಾರೆ. ಇಲ್ಲಿಯ ಹಳೇ ಪದ್ಧತಿ ಒಂದಿದೆ, ಪರೀಕ್ಷೆಯಲ್ಲಿ ರೆಕಾರ್ಡಿನ ಮಧ್ಯೆ ಎಲ್ಲೋ ಸೂಜಿ ಇಡೋದು. ಯಾವ ಕೃತಿ, ಯಾರದು, ಯಾವ ಕಾಲದ್ದು ಅಂತ ಬರೀಬೇಕು. ಕೇಳಿಲ್ಲದವರು ಬರೆಯೋಕೆ ಆಗಲ್ಲ, ಅದು ಅದರ ಒಳ್ಳೇ ಗುಣ. ಆದರೆ ಮಕ್ಕಳು ಅದನ್ನೂ ಬಾಯಿಪಾಠ ಮಾಡ್ತಾರೆ, ಗುರುತು ಸಿಗೋ ಒಂದೊಂದು ತುಣುಕು ಮಾತ್ರ ನೆನಪಿಟ್ಟುಕೊಳ್ತಾರೆ.

ನನಗೆ ಹಿಡಿಸಿದ್ದು ಬೇರೆ. ಬೆಥೋವನ್‌ನ ಐದನೇ ಸಿಂಫನಿ ಶುರುವಾಗೋದು ಮೂರು ಗಿಡ್ಡ, ಒಂದು ಉದ್ದ, ಬರೀ ನಾಲ್ಕು ಸ್ವರದಿಂದ. ಪ್ರೊಫೆಸರ್ ಮೊದಲ ಭಾಗ ಪೂರ್ತಿ ಹಾಕಿ, ಆ ನಡೆ ಬಂದಾಗಲೆಲ್ಲ ಕೈ ಎತ್ತಿ ಅಂದರು. ಸ್ವಲ್ಪ ಹೊತ್ತಿಗೆ ಎತ್ತಿದ ಕೈ ಇಳಿಸೋಕೇ ಆಗಲಿಲ್ಲ. ಇನ್ನೂ ಮುಂದೆ, ಮೂರನೇ ಭಾಗದಲ್ಲಿ ಕಹಳೆಗಳಲ್ಲಿ ಅದೇ ಲಯ ಮತ್ತೆ ಬರುತ್ತೆ. ಇದನ್ನೇ ನಮ್ಮ ಕೃತಿಗೆ ಮಾಡಬಹುದು. ಸಾಹಿತ್ಯದ ಒಂದೇ ಸಾಲನ್ನು ಬೇರೆ ಬೇರೆ ಥರ ಹಾಡೋ ನೆರವಲ್‌ನಲ್ಲಿ ಆ ಸಾಲು ಎಷ್ಟು ಸಲ ಬಂತು, ಪ್ರತಿ ಸಲ ಏನು ಬದಲಾಯಿತು?

ಆರನ್ ಕೋಪ್ಲ್ಯಾಂಡ್ ಅನ್ನೋ ಅಮೆರಿಕದ ಸಂಗೀತಕಾರರು ಕೇಳೋದನ್ನು ಮೂರು ನೆಲೆ ಮಾಡಿ ಹೇಳಿದ್ದಾರೆ. ದನಿಯ ಸುಖ, ಭಾವ, ಆಮೇಲೆ ಕಟ್ಟಿರೋ ರೀತಿ. ನಾವು ಪಾಠದಲ್ಲಿ ಮೂರನೆಯದನ್ನೇ ಮೊದಲು ಇಡ್ತೀವಿ, ಅದೂ ಪುಸ್ತಕದಿಂದ.

ಒಂಟಿಕೊಪ್ಪಲು:

ಬೆಥೋವನ್ ಬಂದ ಮೇಲೆ ನಮ್ಮ ಮೈಸೂರಿನ ಮಾತೊಂದು ಹೇಳಲೇಬೇಕು. ಜಯಚಾಮರಾಜ ಒಡೆಯರ್ ಒಂದು ಕಡೆ 94 ಕೃತಿ ರಚಿಸಿದವರು. ‘ಶ್ರೀ ಮಹಾಗಣಪತಿಂ ಭಜೇಹಂ’ ಅಠಾಣದಲ್ಲಿ ಎಲ್ಲರೂ ಹಾಡುತ್ತಾರೆ. ಇನ್ನೊಂದು ಕಡೆ ರಷ್ಯದ ಸಂಗೀತಕಾರ ಮೆಟ್ನರ್ ಇಂಗ್ಲೆಂಡಿನಲ್ಲಿ ಯಾರಿಗೂ ಬೇಡವಾಗಿದ್ದಾಗ ಅವರ ರಚನೆಗಳನ್ನು ರೆಕಾರ್ಡ್ ಮಾಡಿಸೋಕೆ ಹಣ ಕೊಟ್ಟರು. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್‌ನಲ್ಲಿ ಮೊದಲ ಸಲ ಹಾಡಿದ್ದೂ ಅವರ ನೆರವಿನಿಂದಲೇ. ಒಬ್ಬರೇ ಕೇಳುಗರು, ಎರಡು ಲೋಕ. ಕಿವಿಗೆ ಇಂಥದ್ದು ನಮ್ಮದಲ್ಲ ಅಂತ ಬೇಲಿ ಹಾಕಬೇಕಾಗಿಲ್ಲ ಅಂತ ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಡ.

ಉದ್ದ ಕೇಳೋಕೆ ತಾಳ್ಮೆ ಇಲ್ಲ ಅಂತ ಮೇಲೆ ಯಾರೋ ಹೇಳಿದರು. ಹಾಗಾದರೆ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಗ್ರಾಮಫೋನ್ ರೆಕಾರ್ಡುಗಳನ್ನು ಕೇಳಿಸಿ. ಒಂದು ಬದಿಯಲ್ಲಿ ಹಿಡಿಯೋದು ಹೆಚ್ಚು ಕಮ್ಮಿ ಮೂರು ನಿಮಿಷ. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿ ರೆಕಾರ್ಡ್ ಮಾಡಿದರು. ಗಂಟೆಗಟ್ಟಲೆ ಹಾಡುತ್ತಿದ್ದವರು ಮೂರು ನಿಮಿಷದಲ್ಲಿ ರಾಗದ ರೂಪ ತೋರಿಸಿ, ತಾನ ಹಾಕಿ, ಮುಗಿಸಿ, ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ರೆಕಾರ್ಡು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಇದು ಯಾರದು ಅಂತ ಗೊತ್ತಾಗಬೇಕಲ್ಲ. ಆಕೆ ಕೊನೆಗಾಲದಲ್ಲಿ ಅರಮನೆಯ ಆಶ್ರಯದಲ್ಲಿ ಮೈಸೂರಿಗೆ ಬಂದು, 1930ರಲ್ಲಿ ಇಲ್ಲೇ ತೀರಿಕೊಂಡರು. ಆ ಮೂರು ನಿಮಿಷವನ್ನು ಒಂದೇ ಕ್ಲಾಸಿನಲ್ಲಿ ನಾಲ್ಕು ಸಲ ಕೇಳಬಹುದು. ಮೊದಲ ಸಲ ಬರೀ ಗೊರಗೊರ ಸದ್ದು. ನಾಲ್ಕನೇ ಸಲಕ್ಕೆ ಆ ಸದ್ದು ಹಿಂದೆ ಸರಿದು ದನಿ ಮುಂದೆ ಬರುತ್ತೆ.

ಹಳೇ ಮೇಷ್ಟ್ರು:

ಎಲ್ಲ ಚೆನ್ನಾಗಿದೆ. ಆದರೆ ಮಾರ್ಕ್ಸ್ ಹೇಗೆ ಕೊಡ್ತೀರಿ? ಅದು ಬಗೆಹರಿಯದೆ ಯಾವ ವಿಭಾಗವೂ ಒಪ್ಪಲ್ಲ.

ಸಂಜೆಕಲ್ಯಾಣಿ:

ಮೇಷ್ಟ್ರೇ, ನನ್ನ ಲೆಕ್ಕ ಹೀಗಿದೆ. ಸೆಮಿಸ್ಟರ್ ಕೊನೆಯ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. ಅದಕ್ಕೆ ಬೇಕಾದ ವಿಷಯವನ್ನು ಕೇಳಿಸಿದ ಮೇಲೆ ಹೇಳುತ್ತೇನೆ. ಆಗ 29ನೇ ಮೇಳ ಅನ್ನೋದು ಅವರು ಕೇಳಿರೋ ಯಾವುದರದೋ ಹೆಸರಾಗಿರುತ್ತೆ.

ಇಂಟರ್ನಲ್ ನಮ್ಮ ಕೈಯಲ್ಲಿದೆ. ಪ್ರತಿಯೊಬ್ಬರೂ ಒಂದು ರೆಕಾರ್ಡಿಂಗ್ ಆರಿಸಿಕೊಂಡು ಇಡೀ ಸೆಮಿಸ್ಟರ್ ಅದನ್ನೇ ಕೇಳಬೇಕು. ವಾರಕ್ಕೊಮ್ಮೆ ಅರ್ಧ ಪುಟ ಬರೀಬೇಕು. ಹೊಗಳಿಕೆ ಬೇಡ, ‘ಮಧುರವಾಗಿತ್ತು’ ಅಂತ ಬೇಡ. ಎಷ್ಟನೇ ನಿಮಿಷದಲ್ಲಿ ಏನಾಯಿತು ಅಂತ ಬರೀಬೇಕು. ಎರಡನೇ ನಿಮಿಷಕ್ಕೆ ಪಿಟೀಲು ಗಾಯಕರ ಹಿಂದೆ ಬರುತ್ತೆ, ನಾಲ್ಕನೇ ನಿಮಿಷಕ್ಕೆ ಮೃದಂಗ ಸುಮ್ಮನಾಗುತ್ತೆ, ಹೀಗೆ. ಮೊದಲ ವಾರದ ಪುಟಕ್ಕೂ ಹತ್ತನೇ ವಾರದ ಪುಟಕ್ಕೂ ಇರೋ ವ್ಯತ್ಯಾಸಕ್ಕೆ ಮಾರ್ಕ್ಸ್. ಹಾಡೋಕೆ ಬರೋರು ಇಲ್ಲಿ ಮುಂದಿರುತ್ತಾರೆ ಅಂತೇನೂ ಇಲ್ಲ. ಇಂಟರ್ನೆಟ್‌ನಿಂದ ನಕಲು ಮಾಡೋಕೂ ಕಷ್ಟ, ಯಾಕೆಂದರೆ ಅವರ ರೆಕಾರ್ಡಿಂಗಿನ ನಾಲ್ಕನೇ ನಿಮಿಷದ ಬಗ್ಗೆ ಯಾರೂ ಬರೆದಿರಲ್ಲ. ನಾನೂ ಜೊತೆಗೆ ಕೂತು ಕೇಳಿ ತಿದ್ದಬೇಕು. ಅದು ದೊಡ್ಡ ಕೆಲಸ, ಆದರೂ ಮಾಡೋಕೆ ತಯಾರಿದ್ದೇನೆ.

ಹಳೇ ಮೇಷ್ಟ್ರು:

ಇದು ನಡೆಯುತ್ತೆ. ಯಕ್ಷಗಾನದ ಭಾಗವತಿಕೆಯನ್ನೂ ಆ ಪಟ್ಟಿಗೆ ಸೇರಿಸಿ. ಚಂಡೆ ಯಾವಾಗ ಬರುತ್ತೆ, ಮದ್ದಳೆ ಮಾತ್ರ ಯಾವಾಗ ಇರುತ್ತೆ ಅಂತ ಕರಾವಳಿ ಮಕ್ಕಳು ನಿಮಗೇ ಹೇಳಿಕೊಡುತ್ತಾರೆ.

ಸಂಜೆಕಲ್ಯಾಣಿ:

ಖಂಡಿತ. ಇನ್ನೊಂದು ಸಲಹೆ ಬೇಕು. ರಾಮನವಮಿ ಹೊತ್ತಿಗೆ ಮಕ್ಕಳನ್ನು ಬೆಂಗಳೂರಿನ ಚಾಮರಾಜಪೇಟೆಗೆ, ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಚೇರಿಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. 1939ರಿಂದ ನಡೆಯುತ್ತಿರೋ ಉತ್ಸವ, ಒಂದು ಸಲವಾದರೂ ನೋಡಲಿ. ಮೊದಲ ಕಚೇರಿಗೆ ಹೋಗೋರಿಗೆ ಏನು ಹೇಳಿಕೊಟ್ಟು ಕರೆದೊಯ್ಯಬೇಕು?

ಮೃದಂಗಮನೆ:

ಮೃದಂಗದವರ ಬಲಗೈ ಕಾಣೋ ಕಡೆ ಕೂರಿಸಿ. ಮೂರು ಗಂಟೆ ಪೂರ್ತಿ ಗಮನ ಕೊಡಿ ಅಂತ ಹೇಳಬೇಡಿ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಡಿ. ಇಬ್ಬರು ಪಿಟೀಲು ಮಾತ್ರ ನೋಡಲಿ, ಇಬ್ಬರು ತಾಳ ಹಾಕಲಿ, ಇಬ್ಬರು ಗಾಯಕರು ಪಕ್ಕವಾದ್ಯದವರಿಗೆ ಹೇಗೆ ಸನ್ನೆ ಮಾಡುತ್ತಾರೆ ನೋಡಲಿ.

ಮುಖ್ಯವಾದ ಮಾತು ಇನ್ನೊಂದಿದೆ. ತನಿ ಆವರ್ತನ, ಅಂದರೆ ಲಯವಾದ್ಯಗಳು ಮಾತ್ರ ನುಡಿಯೋ ಭಾಗ, ಶುರುವಾದ ಕೂಡಲೇ ಅರ್ಧ ಜನ ಕಾಫಿಗೆ ಏಳುತ್ತಾರೆ. ನಿಮ್ಮ ಮಕ್ಕಳು ಏಳಬಾರದು. ಮೃದಂಗವೂ ಘಟವೂ ಒಬ್ಬರಾದ ಮೇಲೊಬ್ಬರು ನುಡಿಸುತ್ತಾ, ಸುತ್ತುಗಳನ್ನು ಚಿಕ್ಕದು ಮಾಡುತ್ತಾ ಬಂದು ಕೊನೆಗೆ ಒಟ್ಟಿಗೆ ಸೇರುತ್ತಾರೆ. ಆಮೇಲೆ ಮುಕ್ತಾಯದ ಕಡೆ ಕರೆದೊಯ್ಯೋ ಮೊಹರಾ, ಆಮೇಲೆ ಲೆಕ್ಕ ಹಾಕಿ ಕಟ್ಟಿದ ಕೊನೆಯ ಜೋಡಣೆ, ಅಂದರೆ ಕೋರ್ವೆ. ಕೋರ್ವೆಯನ್ನು ಸಾಮಾನ್ಯವಾಗಿ ಮೂರು ಸಲ ನುಡಿಸುತ್ತಾರೆ. ಮೊದಲ ಸಲ ಸುಮ್ನೆ ಕೇಳಲಿ, ಎರಡನೇ ಸಲ ತಾಳ ಹಾಕಲಿ, ಮೂರನೇ ಸಲ ಅದು ಎಲ್ಲಿ ಬಂದು ಬೀಳುತ್ತೆ ಅಂತ ಊಹೆ ಮಾಡಲಿ. ಎಡುಪಿನ ಪಾಠ ಸರಿಯಾಗಿ ಆಗಿದ್ದರೆ ಗಾಯಕರು ಹಾಡು ಎತ್ತಿಕೊಳ್ಳೋ ಜಾಗ ಅವರಿಗೆ ಮೊದಲೇ ಗೊತ್ತಿರುತ್ತೆ.

ಬಿಕಾಂ ಮುಗಿಸಿದವಳು:

ಮೇಡಂ, ಹಳೇ ವಿದ್ಯಾರ್ಥಿಗಳೂ ಬರಬಹುದಾ? ನಾನು ಚಾಮರಾಜಪೇಟೆ ಹತ್ತಿರಾನೇ ಕೆಲಸ ಮಾಡೋದು.

ಸಂಜೆಕಲ್ಯಾಣಿ:

ಬನ್ನಿ, ಖಂಡಿತ ಬನ್ನಿ. ಬಸ್ಸಿಗೆ ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟಿದ್ದೇನೆ, ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ. ಕೊಳ್ಳೇಗಾಲದವರೇ, ಕತೆ ಪೂರ್ತಿ ಇರೋ ಕಂಸಾಳೆ ಧ್ವನಿಮುದ್ರಣ ನಿಮ್ಮ ಹತ್ತಿರ ಇದ್ದರೆ ಅದಕ್ಕೂ ಮೊದಲೇ ಬೇಕು. ಕುಣಿತದ ವಿಡಿಯೊ ಅಲ್ಲ, ಹಾಡಿನದು.

ಕೊಳ್ಳೇಗಾಲದವ:

ಧ್ವನಿಮುದ್ರಣ ಇದೆ, ಕಳಿಸುತ್ತೇನೆ. ಆದರೆ ಹಾಡೋರನ್ನೇ ಕ್ಲಾಸಿಗೆ ಕರೆಸಿ ಮೇಡಂ. ಓಡಾಟದ ಖರ್ಚು, ಗೌರವಧನ ಕಾಲೇಜಿನಿಂದ ಕೊಡಿಸಿ. ಉಳಿದ ಏರ್ಪಾಡು ನಾನು ಮಾಡುತ್ತೇನೆ. ಒಂದು ಗಂಟೆಯ ಪೀರಿಯಡ್ ಇಡಬೇಡಿ, ಮಧ್ಯಾಹ್ನ ಪೂರ್ತಿ ಬಿಡುವು ಮಾಡಿಕೊಳ್ಳಿ.